ಅವ್ವನ ಹಿಡಿಯಲ್ಲಿದ್ದ ಮೆಣಸಿನಕಾಯಿ

ಹೊರಗಿನಿಂದ ಬಂದವರು ಬಂದ ನಾಡಿನ ಭಾಷೆ ಕಲಿಯಬೇಕೋ ಬೇಡವೋ ಎಂದು ಯಾರಾದರೂ ಚರ್ಚೆಗೆ ಕೂತರೆ ನಾನು ಎದ್ದು ಹೋಗುತ್ತೇನೆ. ಆ ಮಾತು ಬಂದಾಗಲೆಲ್ಲ ನನ್ನ ಕಣ್ಣೆದುರು ಒಬ್ಬನೇ ಮನುಷ್ಯ ಬಂದು ನಿಲ್ಲುತ್ತಾನೆ. ಇವತ್ತಿಗೂ ಹಲ್ಲು ಕಚ್ಚುವಂತಾಗುತ್ತದೆ.

ಅವನು ಒಂದು ಮಸಾಲೆ ಕಂಪನಿಯ ಪರವಾಗಿ ಬ್ಯಾಡಗಿಯಲ್ಲಿ ಮೆಣಸಿನಕಾಯಿ ಖರೀದಿ ಮಾಡಲು ದಿಲ್ಲಿಯ ಕಡೆಯಿಂದ ಬಂದವನು. ಹಾವೇರಿಯಲ್ಲಿ ಮನೆ ಮಾಡಿ, ದಿನಾ ಕಾರಿನಲ್ಲಿ ಬಂದು ಹೋಗಿ ಮಾಡುತ್ತ ಒಂಬತ್ತು ವರ್ಷವಾಗಿತ್ತು. ಅಷ್ಟರಲ್ಲಿ ಗಿರಮಿಟ್ಟು ತಿನ್ನುವುದು ಕಲಿತ, ಖಡಕ್ ರೊಟ್ಟಿ ಮುರಿಯುವುದು ಕಲಿತ, ಕನ್ನಡದ ತಂಟೆಗೆ ಮಾತ್ರ ಹೋಗಲಿಲ್ಲ. ರಾಣೆಬೆನ್ನೂರಿನ ಡಾಕ್ಟರ ಮುಂದೆ ಹೊಟ್ಟೆನೋವು ಎಂದು ಹೇಳಲಿಕ್ಕೂ ಡ್ರೈವರ್ ಜೊತೆಗಿರಬೇಕು. ಕೇಳಿದರೆ ಇಲ್ಲಿ ಎಲ್ಲರಿಗೂ ಹಿಂದಿ ಬರುತ್ತಲ್ಲ ಅನ್ನುತ್ತಿದ್ದ. ಎಲ್ಲರೂ ಅಂದರೆ ಆ ಡ್ರೈವರ್ ಮತ್ತು ನಾನು.

ನಾನು ಮದುವೆಯಾಗಿ ಆರು ವರ್ಷ ಇಂದೋರಿನಲ್ಲಿದ್ದೆ, ಗಂಡನ ಕೆಲಸ ಅಲ್ಲಿತ್ತು. ಮೊದಲ ತಿಂಗಳು ತರಕಾರಿ ಗಾಡಿಯವನ ಮುಂದೆ ಕೈಸನ್ನೆ ಮಾಡಿ ಓಣಿಯ ಹೆಂಗಸರ ನಗೆಪಾಟಲಿಗೆ ಈಡಾದೆ. ಅದೇ ಸಿಟ್ಟಿನಲ್ಲಿ ಹಿಂದಿ ಕಲಿತೆ. ವರ್ಷ ತುಂಬುವುದರೊಳಗೆ ಅದೇ ಹೆಂಗಸರ ಜೊತೆ ಅವರ ಭಾಷೆಯಲ್ಲೇ ಜಗಳಾಡಿ ಗೆದ್ದೆ. ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ, ನನ್ನ ಮಟ್ಟಿಗೆ ಅದು ಶುದ್ಧ ಸುಳ್ಳು. ಊರಿಗೆ ವಾಪಸ್ ಬಂದ ಮೇಲೆ ಆ ಹಿಂದಿಯ ದೆಸೆಯಿಂದಲೇ ಅವನ ಗೋದಾಮಿನಲ್ಲಿ ಚೀಲಗಳಿಗೆ ಚೀಟಿ ಬರೆಯುವ ಕೆಲಸ ಸಿಕ್ಕಿತು.

ಅವ್ವ ಅಲ್ಲೇ ನಲವತ್ತು ಹೆಂಗಸರ ಜೊತೆ ಕೂತು ಒಣಮೆಣಸಿನಕಾಯಿಯ ತೊಟ್ಟು ಬಿಡಿಸುತ್ತಿದ್ದಳು. ಗುತ್ತಲದ ಹತ್ತಿರ ಮೆಣಸಿನಕಾಯಿ ಹೊಲದಲ್ಲೇ ಬೆಳೆದವಳು. ಕಾಯಿಯನ್ನು ಕಿವಿಯ ಹತ್ತಿರ ಹಿಡಿದು ಅಲುಗಾಡಿಸಿ ನೋಡುತ್ತಿದ್ದಳು. ಒಳಗೆ ಬೀಜ ಗಲಗಲ ಅಂದರೆ ಒಣಗಿದೆ ಎಂದು ಅರ್ಥ, ಸದ್ದಿಲ್ಲದಿದ್ದರೆ ತೇವ ಇದೆ. “ಒಣಗಿದ್ದು ಮಾತಾಡತೈತಿ, ತ್ಯಾವ ಇದ್ದದ್ದು ಮೂಕ” ಅನ್ನುತ್ತಿದ್ದಳು.

ಆ ಗೋದಾಮಿನಲ್ಲಿ ಒಂದು ಹಳೆಯ ರೂಢಿ ಇತ್ತು. ಸಂಜೆ ಮನೆಗೆ ಹೋಗುವಾಗ ಹೆಂಗಸರು ಮುರುಕು ಕಾಯಿಗಳಲ್ಲಿ ಒಂದು ಹಿಡಿ ತಂದು ಬಾಗಿಲಲ್ಲಿದ್ದವರಿಗೆ ತೋರಿಸಿ ಉಡಿಯಲ್ಲಿ ಹಾಕಿಕೊಳ್ಳುತ್ತಿದ್ದರು. ಮನೆಯ ಸಾರಿಗಾಯಿತು ಅಂತ. ತೋರಿಸಿ ಒಯ್ದರೆ ಹಕ್ಕು, ತೋರಿಸದೆ ಒಯ್ದರೆ ಕಳವು. ಆ ವರ್ಷ ಅವನು ಈ ರೂಢಿಯನ್ನು ನಿಲ್ಲಿಸಿಬಿಟ್ಟಿದ್ದ.

ಸೀಸನ್ ಜೋರಾಗಿದ್ದ ಒಂದು ಮಧ್ಯಾಹ್ನ, ಹೊಸದಾಗಿ ಖರೀದಿಸಿದ ಮಾಲು ಚೀಲಕ್ಕೆ ತುಂಬಿ ಕೋಲ್ಡ್ ಸ್ಟೋರೇಜಿಗೆ ಸಾಗಿಸುವ ಗಡಿಬಿಡಿ. ಧೂಳು ಹಾರಿಸುವ ಯಂತ್ರ ಕಿವಿಗಡಚಿಕ್ಕುವಂತೆ ಓಡುತ್ತಿತ್ತು. ಅವ್ವ ರಾಶಿಯ ತಳದಿಂದ ಒಂದು ಹಿಡಿ ಕಾಯಿ ತೆಗೆದುಕೊಂಡು ಬಾಗಿಲ ಹತ್ತಿರ ಬಂದಳು. ಅವನು ಫೋನಿನಲ್ಲಿದ್ದ. ಪಕ್ಕದ ಮೇಜಿನಲ್ಲಿ ನಾನಿದ್ದೆ.

“ಸಾಹೇಬ್ರ, ಮಾರಿದವ್ರು ತೂಕಕ್ಕಂತ ತಳದಾಗಿನ ಕಾಯಿಗೆ ನೀರು ಹೊಡದಾರ್ರೀ. ಎರಡು ದಿನ ಬಿಸಿಲಿಗೆ ಹಾಕಸ್ರಿ. ಹಿಂಗ ಕಟ್ಟಿದ್ರ ಬೂಸ್ಟು ಹಿಡೀತೈತಿ” ಎಂದು ಅವ್ವ ಹಿಡಿಯನ್ನು ಅವನ ಮುಂದೆ ಚಾಚಿದಳು.

ಅವನಿಗೆ ಕಂಡದ್ದು ಚಾಚಿದ ಹಿಡಿ ಮಾತ್ರ. ಬೇಡ ಅಂದ ಮೇಲೂ ಒಯ್ಯುತ್ತಿದ್ದಾಳೆ, ಉಡಿಯಲ್ಲಿ ಇನ್ನೂ ಇಟ್ಟುಕೊಂಡಿದ್ದಾಳೆ ಅಂದುಕೊಂಡ. ಚೋರ್ ಎಂದು ಕೂಗಿದ. ಉಡಿ ಬಿಚ್ಚಿ ಝಾಡಿಸು ಎಂದು ಕೈಸನ್ನೆ ಮಾಡಿದ. ನಲವತ್ತು ಹೆಂಗಸರು ದೂರದಿಂದ ನೋಡುತ್ತಿದ್ದರು. ಅವ್ವ ಉಡಿ ಝಾಡಿಸಿದಳು. ಎಲೆಅಡಿಕೆಯ ಚೀಲ ಬಿತ್ತು, ಸುಣ್ಣದ ಡಬ್ಬಿ ಬಿತ್ತು, ಬೇರೇನೂ ಬೀಳಲಿಲ್ಲ. ನಾಳೆಯಿಂದ ಬರಬೇಡ ಎಂದು ಬಾಗಿಲು ತೋರಿಸಿದ. ಆದರೂ ಅವ್ವ ಕಾಯಿ ಹಿಡಿದು ಅದನ್ನೇ ಹೇಳುತ್ತಿದ್ದಳು. ಆಗ ಅವನಿಗೂ ಏನೋ ಅನುಮಾನ ಬಂತು. ನನ್ನ ಕಡೆ ತಿರುಗಿ, ಇವಳು ಏನು ಹೇಳುತ್ತಿದ್ದಾಳೆ ಎಂದು ಹಿಂದಿಯಲ್ಲಿ ಕೇಳಿದ.

ನೆಲದ ಮೇಲಿನ ಸುಣ್ಣದ ಡಬ್ಬಿಯನ್ನು ನೋಡಿದೆ. ಬೂಸ್ಟು ಹಿಡಿಯಲಿ, ಒಂದು ಚೀಲವೂ ಉಳಿಯದಿರಲಿ ಅನ್ನಿಸಿತು.

“ಕುಛ್ ನಹೀಂ, ಸಾಹಬ್” ಅಂದೆ.

ಆಮೇಲೂ ನಾನು ಆ ಕೆಲಸ ಬಿಡಲಿಲ್ಲ. ಬಿಟ್ಟಿದ್ದರೆ ನೋಡುವ ಭಾಗ್ಯ ತಪ್ಪುತ್ತಿತ್ತು. ದಿನಾ ಅವನಿಗೆ ನಮಸ್ತೆ ಹೇಳಿದೆ, ಚೀಟಿ ಬರೆದೆ, ಬೂಸ್ಟು ಬಂದರೆ ತೆಂಗಿನಕಾಯಿ ಒಡೆಸುತ್ತೇನೆಂದು ಹನುಮಪ್ಪನಿಗೆ ಹರಕೆ ಹೊತ್ತೆ. ಅತ್ತ ಕಳ್ಳಿ ಎಂಬ ಹೆಸರು ಹೊತ್ತ ಅವ್ವನನ್ನು ಆ ಸೀಸನ್ ಬ್ಯಾಡಗಿಯ ಯಾವ ಗೋದಾಮೂ ಕರೆಯಲಿಲ್ಲ. ನಳದ ಹತ್ತಿರ ಅವಳು ಬಂದರೆ ಹೆಂಗಸರ ಮಾತು ನಿಲ್ಲುತ್ತಿತ್ತು. ತಾನಾಗಿ ಸಮಜಾಯಿಷಿ ಕೊಡುವ ಜಾಯಮಾನ ಅವ್ವನದಲ್ಲ, ಮನೆಯಲ್ಲೂ ಆ ಮಾತೆತ್ತಲಿಲ್ಲ. ನಿಜ ಏನೆಂದು ನಾನು ಆ ಹೆಂಗಸರಿಗೆ ಹೇಳಬಹುದಿತ್ತು. ಹೇಳಿದ್ದರೆ ಸಂಜೆಯೊಳಗೆ ಡ್ರೈವರ್ ಕಿವಿಗೆ, ಅಲ್ಲಿಂದ ಅವನ ಕಿವಿಗೆ ಬೀಳುತ್ತಿತ್ತು, ಮಾಲು ಉಳಿಯುತ್ತಿತ್ತು. ಅದಕ್ಕೇ ತುಟಿ ಹೊಲಿದುಕೊಂಡೆ.

ಎರಡು ತಿಂಗಳ ಮೇಲೆ ಚೀಲ ಬಿಚ್ಚಿದರು. ಕಾಯಿಯ ಮೇಲೆಲ್ಲ ಬೂದಿ ಬಳಿದಂತೆ ಬೂಸ್ಟು. ಕಂಪನಿಯವರು ದಿಲ್ಲಿಯಿಂದ ಬಂದರು. ಅವನು ಬೆವರುತ್ತ ನಿಂತಿದ್ದ. ಇಡೀ ಲಾಟು ಹಾಳಾಗಿದೆ, ನೀರು ಹೊಡೆದ ಕಾಯಿಯನ್ನು ನೋಡದೇ ಕಟ್ಟಿಸಿದ್ದಾರೆ ಎಂದು ಹಮಾಲರು ಹೇಳಿದ್ದನ್ನು ಅವತ್ತು ಒಂದು ಶಬ್ದವನ್ನೂ ಬಿಡದೆ, ಅವಸರವಿಲ್ಲದೆ, ಕಂಪನಿಯವರಿಗೆ ಹಿಂದಿಯಲ್ಲಿ ಹೇಳಿದೆ. ಅದೇ ವಾರ ಅವನ ಕೆಲಸ ಹೋಯಿತು. ನನಗೆ ಹಬ್ಬದೂಟ ಉಂಡಷ್ಟು ಖುಷಿಯಾಯಿತು, ಸುಳ್ಳು ಯಾಕೆ ಹೇಳಲಿ.

ಸಂಜೆ ಓಡೋಡಿ ಮನೆಗೆ ಹೋದೆ. ಅವ್ವ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಎಲ್ಲ ಹೇಳಿದೆ, ಅವನು ನನ್ನನ್ನು ಕೇಳಿದ್ದನ್ನೂ ಹೇಳಿದೆ. ಅವ್ವನ ಕೈ ನಿಂತಿತು.

“ಮಷಿನ್ ಸದ್ದಿನಾಗ ನಿನಗ ಕೇಳಿಲ್ಲ ಅಂದ್ಕೊಂಡಿದ್ದೆ” ಅಂದಳು.

“ಎಲ್ಲಾ ಕೇಳಿತ್ತವ್ವ. ಬೇಕಂತ ಏನಿಲ್ಲ ಅಂದೆ. ಹೆಂಗ ಮಾಡಿದೆ ಅವಂಗ?”

ಅವ್ವ ನಗಲಿಲ್ಲ. ಹಂಚಿನ ಮೇಲಿದ್ದ ರೊಟ್ಟಿ ಸೀಯುವ ವಾಸನೆ ಬಂತು.

“ಅವಂಗ ನನ್ನ ಮಾತು ತಿಳೀಲಿಲ್ಲ, ಕಳ್ಳಿ ಅಂದ. ನಿನಗ ತಿಳಿದಿತ್ತು. ಎರಡು ತಿಂಗಳು ನೀನೂ ನನ್ನ ಕಳ್ಳಿ ಮಾಡಿ ಇಟ್ಟಿ.”

ಅವನು ಕನ್ನಡ ಕಲಿಯಬೇಕಿತ್ತು. ಇವತ್ತಿಗೂ ಹಾಗೇ ಅನ್ನುತ್ತೇನೆ, ಅವನನ್ನು ಕ್ಷಮಿಸಿಯೂ ಇಲ್ಲ. ಆದರೆ ಅವತ್ತು ಅವ್ವ ಆ ಸೀದ ರೊಟ್ಟಿಯನ್ನೇ ತೆಗೆದು ನನ್ನ ತಾಟಿಗೆ ಹಾಕಿದಳು. ನಾನು ಒಂದು ಚೂರೂ ಬಿಡದೆ ತಿಂದೆ.