ಅಮ್ಮಿ ಬಂದ್ ಮಾಡದ ಕಂಪ್ಯೂಟರ್

ನಮ್ಮಿಬ್ಬರದು ವಿಂಗಡಿಸುವ ಕೆಲಸ. ಒಂದು ಕಂಪ್ಯೂಟರಿನೊಳಗೆ ಇನ್ನೊಂದನ್ನು ನಡೆಸುವ ತಂತ್ರಾಂಶದಲ್ಲಿ ದೋಷ ಕಂಡವರು ಎಲ್ಲೆಲ್ಲಿಂದಲೋ ದೂರು ಬರೆಯುತ್ತಾರೆ. ಅದು ಒಳಗಿನ ಯಂತ್ರದ್ದೋ, ಡಿಸ್ಕಿನದೋ ಎಂದು ನೋಡಿ ಬೇರೆ ಮಾಡಬೇಕು. ನಾನು ಬಳ್ಳಾರಿಯ ಸತ್ಯನಾರಾಯಣಪೇಟೆಯ ಮನೆಯಲ್ಲಿ, ಗೆಳತಿ ಕುರುಗೋಡಿನಲ್ಲಿ. ಯಾವ ಕಡೆ ಹಾಕಬೇಕೆಂದು ತಿಳಿಯದ ದೂರು ಬಂದರೆ ಫೋನಿನಲ್ಲೇ ಜಗಳ. "ಲೇ, ಡಿಸ್ಕಿನ ತಂಟೆಗೆ ಬರಬ್ಯಾಡ, ಅದು ನನ್ನ ಪಾಲಿಂದು," ಅನ್ನುತ್ತಿದ್ದಳು. ನನ್ನ ಬಾಯೇನು ಕಮ್ಮಿಯೇ? ನಾನೂ ಬಿಡುತ್ತಿರಲಿಲ್ಲ.

ಒಮ್ಮೆ ಅವಳೇ ಒಂದು ದೋಷ ಹಿಡಿದಳು. ಡಿಸ್ಕಿನ ನಕಲು ತೆಗೆಯುವಾಗ, ಇನ್ನೇನು ಮುಗಿಯಿತು ಅನ್ನುವಷ್ಟರಲ್ಲಿ ನಕಲು ನಿಂತುಬಿಡುತ್ತಿತ್ತು. ಅದೂ ಅವಳ ಕಂಪ್ಯೂಟರಿನಲ್ಲಿ ಮಾತ್ರ. ತಂತ್ರಾಂಶ ಬರೆದವರು ನಂಬಲಿಲ್ಲ, ಪುರಾವೆ ಕೇಳಿದರು. ಕಂಪ್ಯೂಟರ್ ಆರಿಸಿದರೆ ಅಳಿಸಿಹೋಗುವ ಪುರಾವೆ ಅದು; ನಕಲು ನಿಂತಿರುವಾಗಲೇ ತೆಗೆಯಬೇಕು. ಅದೇ ಮತ್ತೆ ಸಿಕ್ಕಿಹಾಕಿಕೊಂಡು ನಿಂತ ದಿನ ಅವಳಿಗೆ ಹೊಟ್ಟೆನೋವು ತಡೆಯಲಾಗದಷ್ಟಾಗಿ ಬಳ್ಳಾರಿಯ ಆಸ್ಪತ್ರೆಗೆ ಹೊರಟಳು. ಹೋಗುವಾಗ ತಾಯಿಗೆ, "ಅಮ್ಮಿ, ಅದನ್ನ ಬಂದ್ ಮಾಡಬ್ಯಾಡ. ನಾ ಬಂದು ನೋಡ್ತೀನಿ," ಅಂದಳಂತೆ. ಬರಲಿಲ್ಲ.

ಅವಳ ದೂರು ನನ್ನ ಪಾಲಿಗೆ ಬಂತು. ದೂರು ಬರೆದವರಿಂದ ಉತ್ತರ ಬಾರದಿದ್ದರೆ ಅದನ್ನು ಮುಚ್ಚಿಬಿಡುವುದು ನಮ್ಮಲ್ಲಿನ ಪದ್ಧತಿ. ಸತ್ತವಳು ಎಲ್ಲಿಂದ ಉತ್ತರ ಕೊಡಬೇಕು? ಮುಚ್ಚಿದರೆ ಅವಳು ಇಲ್ಲದ್ದನ್ನು ಹೇಳಿದಳೆಂದೇ ಉಳಿಯುತ್ತದೆ. ಆ ಪದ್ಧತಿಗಿಷ್ಟು ಬೆಂಕಿ ಬೀಳಲಿ ಎಂದು ಬೈದುಕೊಂಡು, ಅವಳ ನಲವತ್ತನೇ ದಿನದ ಫಾತಿಹಾ ಪ್ರಾರ್ಥನೆ ಕಳೆದ ಮೇಲೆ ಕುರುಗೋಡಿನ ಬಸ್ಸು ಹತ್ತಿದೆ. ಕಂಪ್ಯೂಟರ್ ಎಂದೋ ಆರಿಹೋಗಿರುತ್ತದೆ ಎಂದುಕೊಂಡೇ ಹೋದೆ.

ಆರಿರಲಿಲ್ಲ. ಒಳಕೋಣೆಯಲ್ಲಿ ಗುಂಯ್ ಅನ್ನುತ್ತಿತ್ತು. ಕರೆಂಟ್ ಹೋದಾಗ ಅಮ್ಮಿ ಮನೆಯ ಫ್ಯಾನು, ದೀಪ ಎಲ್ಲ ಆರಿಸಿ ಇನ್‌ವರ್ಟರನ್ನು ಅದೊಂದಕ್ಕೇ ಉಳಿಸುತ್ತಿದ್ದರು. ಈ ಬಿಸಿಲಲ್ಲಿ!

"ಆಕಿ ಹೇಳಿ ಹೋಗ್ಯಾಳ, ಬೇಟಿ," ಅಂದರು.

ಪರದೆಯ ಮೇಲೆ ನಕಲು ಅವಳು ಬಿಟ್ಟುಹೋದಲ್ಲೇ ನಿಂತಿತ್ತು. ಅಳುತ್ತಲೇ ಬೇಕಾದ ಪುರಾವೆಯನ್ನೆಲ್ಲ ತೆಗೆದು ಕಳಿಸಿದೆ. ಅಮ್ಮಿ ಊಟಕ್ಕೆ ಬಡಿಸಿ, ತಾವು ಉಣ್ಣದೆ ಎದುರಿಗೆ ಕೂತರು. ಸಂಜೆಯ ಹೊತ್ತಿಗೆ ತಂತ್ರಾಂಶ ಬರೆದವರ ಉತ್ತರ ಬಂತು: ದೋಷ ನಿಜ, ಎಲ್ಲಿದೆಯೆಂದು ಗೊತ್ತಾಯಿತು, ಸರಿಪಡಿಸುತ್ತೇವೆ.

"ಹಂಗಾರ ಆಕಿ ಸುಳ್ಳು ಹೇಳಿದ್ದಿಲ್ಲ?"

"ಇಲ್ಲಮ್ಮಿ. ಆಕಿ ಹೇಳಿದ್ದೇ ಖರೆ."

"ಕೆಲಸ ಮುಗೀತೇನು?"

"ಮುಗೀತು."

ಅಮ್ಮಿ ಪರದೆಯತ್ತ ನೋಡಿದರು. ಆಮೇಲೆ ಕೇಳಿದರು, "ಇನ್ನ ಬಂದ್ ಮಾಡಬೇಕೇನು?"

ನಾನು ಅವರಿಗೆ ಆರಿಸುವ ಗುಂಡಿ ತೋರಿಸಿದೆ.

"ನೀನೇ ಮಾಡವ್ವ. ನನ್ನ ಕೈಲಿ ಆಗಾಂಗಿಲ್ಲ."

ಮಾಡಿದೆ. ಕೋಣೆ ನಿಶ್ಶಬ್ದವಾಯಿತು. ಅಮ್ಮಿ ಎದ್ದು ಬಂದು ಕಂಪ್ಯೂಟರಿನ ಮೇಲೆ ಅಂಗೈ ಇಟ್ಟರು.

"ಇನ್ನೂ ಬೆಚ್ಚಗೈತಿ," ಅಂದರು.

ಅದು ತಣ್ಣಗಾಗುವವರೆಗೂ ಕೈ ತೆಗೆಯಲಿಲ್ಲ.