ಕಿವಿಯಲ್ಲಿ ಹೊಗೆ ಬಿಡುತ್ತಿದ್ದ ಅಪ್ಪ

ನಮ್ಮಪ್ಪ ಬೀಡಿ ಎಳೆದು, ಬಾಯಿ ಮುಚ್ಚಿ, ಮೂಗು ಹಿಡಿದು ದಮ್ಮು ಕಟ್ಟಿದರೆ ಎಡಗಿವಿಯಿಂದ ಸಣ್ಣಗೆ ಹೊಗೆ ಬರುತ್ತಿತ್ತು. ಪೀಣ್ಯದ ನಮ್ಮ ವಠಾರದ ಮಕ್ಕಳಿಗೆಲ್ಲ ಅದು ಭಾನುವಾರದ ಸರ್ಕಸ್ಸು. ಮನೆ ಮಾಲೀಕರ ತಾಯಿ, ಆ ಅಜ್ಜಿ, ಒಮ್ಮೆ ನೋಡಿ, "ಅಯ್ಯೋ ಶಿವನೇ, ಈವಯ್ಯನ ಕಿವೀಲಿ ಒಗೆ ಬತ್ತದಲ್ಲಾ!" ಎಂದು ಬಾಯಲ್ಲಿದ್ದ ಎಲೆಅಡಿಕೆ ಉಗಿದೇಬಿಟ್ಟಿದ್ದರು. ನನಗೆ ಹೆಮ್ಮೆಯೋ ಹೆಮ್ಮೆ. ಮಿಲಿಟರಿಯವನೊಬ್ಬ ಕಲಿಸಿಕೊಟ್ಟ ವಿದ್ಯೆ ಎಂದು ಅಪ್ಪ ಹೇಳುತ್ತಿದ್ದರು. ನಾವು ನಂಬಿದ್ದೆವು.

ನಮ್ಮ ಮನೆಯಲ್ಲಿ ನಗುವುದಕ್ಕೆ ಇದ್ದದ್ದು ಅದೊಂದೇ. ನನಗೆ ನಾಲ್ಕೈದು ವರ್ಷವಿದ್ದಾಗ ನನ್ನ ತಮ್ಮ, ಇನ್ನೂ ಅಂಬೆಗಾಲಿಡುತ್ತಿದ್ದ ಕೂಸು, ಜ್ವರದಲ್ಲಿ ಹೋಗಿಬಿಟ್ಟಿದ್ದ. ಅವತ್ತಿನಿಂದ ಅಮ್ಮ ಅಪ್ಪನ ಜೊತೆ ಮಾತು ಬಿಟ್ಟಿದ್ದಳು. ಜಗಳವಿಲ್ಲ, ಕೂಗಾಟವಿಲ್ಲ. ಏನಿದ್ದರೂ ನನ್ನ ಮೂಲಕ. "ನಿಮ್ಮಪ್ಪಂಗೆ ಹೇಳು, ಊಟಕ್ಕೆ ಬರ್ಲಿ." "ನಿಮ್ಮಪ್ಪಂಗೆ ಕೇಳು, ಸೀಮೆಎಣ್ಣೆ ತಂದ್ರಾ ಅಂತ." ಅಪ್ಪ ಕೂತಿರುತ್ತಿದ್ದದ್ದು ಅವಳಿಂದ ಎರಡಡಿ ದೂರದಲ್ಲಿ. ನಾನು ಎದುರಿಗೆ ಹೋಗಿ ನಿಂತು ಹೇಳಬೇಕು, ಉತ್ತರ ತರಬೇಕು. ಸಂಬಳವಿಲ್ಲದ ಪೋಸ್ಟ್‌ಮ್ಯಾನ್! ಕೆಲವು ದಿನ ಇಬ್ಬರ ಮೇಲೂ ರೇಗಿ ಅಳು ಬರುತ್ತಿತ್ತು. ಇವರು ಒಂದೇ ಒಂದು ಸಲ ಮುಖ ನೋಡಿಕೊಂಡು ಮಾತಾಡಲಿ ಅನ್ನುವುದು ಬಿಟ್ಟರೆ ನನಗೆ ದೇವರ ಹತ್ತಿರ ಕೇಳುವುದು ಬೇರೇನೂ ಇರಲಿಲ್ಲ.

ಅಪ್ಪ ಇದ್ದ ಸರ್ಕಾರಿ ಕಾರ್ಖಾನೆಯಲ್ಲಿ ಎಲ್‌ಟಿಸಿ ಅಂತ ಕೊಡುತ್ತಿದ್ದರು. ಕೆಲವು ವರ್ಷಕ್ಕೊಮ್ಮೆ ರಜೆ ಹಾಕಿ ಊರು ನೋಡಲು ಹೋದರೆ ಟಿಕೆಟ್ಟಿನ ಖರ್ಚು ಕಾರ್ಖಾನೆಯದು. ಉಳಿದವರು ಕಾಶಿಗೋ ಕನ್ಯಾಕುಮಾರಿಗೋ ಹೋದರೆ ಅಪ್ಪ ಅಂಡಮಾನ್ ಅಂದರು. ಅಡುಗೆಮನೆ ಬಾಗಿಲ ಪಕ್ಕ ಹಳೇ ಕ್ಯಾಲೆಂಡರ್ ಒಂದಿತ್ತು, ಸಮುದ್ರದ ತಳದ ಹವಳ, ಹಳದಿ ಮೀನುಗಳ ಚಿತ್ರ. ವರ್ಷ ಮುಗಿದು ಎಷ್ಟೋ ಕಾಲವಾದರೂ ಅಪ್ಪ ಅದನ್ನು ತೆಗೆಯಲು ಬಿಟ್ಟಿರಲಿಲ್ಲ. ಊರ ಬಾವಿಯಲ್ಲಿ ಈಜು ಕಲಿತವರು. ಆ ನೀರಿನೊಳಗೆ ಒಂದು ಸಲ ಇಳಿದು ನೋಡಬೇಕೆಂದು ಅವರ ಆಸೆ. "ಎಲ್ಲಾದ್ರೂ ಸರಿ ಅಂತ ಹೇಳು," ಅಂದಳು ಅಮ್ಮ, ನನಗೆ.

ಮದ್ರಾಸಿನಿಂದ ಹಡಗು. ಅಮ್ಮನಿಗೆ ಒಂದೇ ಸಮನೆ ವಾಂತಿ. ಅಪ್ಪ ಬಕೆಟ್ಟು ಹಿಡಿದು ಬೆನ್ನು ಸವರುತ್ತಾ ಕೂತರು. ಈಗಲಾದರೂ ಮಾತಾಡುತ್ತಾಳೆ ಅಂದುಕೊಂಡೆ. "ನಿಮ್ಮಪ್ಪಂಗೆ ಸ್ವಲ್ಪ ಮಲಗೋಕ್ ಹೇಳು" ಅಂದಳು.

ದ್ವೀಪದ ದಡದಲ್ಲಿ ಒಬ್ಬಾತ ಪ್ರವಾಸಿಗಳ ಬೆನ್ನಿಗೆ ಗಾಳಿಯ ಸಿಲಿಂಡರ್ ಕಟ್ಟಿ, ಕೈಹಿಡಿದು ನೀರಿನಡಿಗೆ ಕರೆದೊಯ್ಯುತ್ತಿದ್ದ. ಅಪ್ಪ ಪಂಚೆ ಬಿಚ್ಚಿ ನನ್ನ ಕೈಗೆ ಕೊಟ್ಟು, ಚಡ್ಡಿಯಲ್ಲಿ ನಿಂತು ಹಲ್ಲು ಕಿಸಿದರು. ಅವರನ್ನು ಅಷ್ಟು ಖುಷಿಯಾಗಿ ನಾನು ನೋಡಿಯೇ ಇರಲಿಲ್ಲ. ಕೆಳಗೆ ಹೋದಂತೆ ಕಿವಿ ಒತ್ತುತ್ತದೆ, ಆಗ ಮೂಗು ಹಿಡಿದು ಮೆಲ್ಲಗೆ ಊದಬೇಕು, ಒಮ್ಮೆ ಮಾಡಿ ತೋರಿಸಿ ಎಂದು ಆತ ಹಿಂದಿಯಲ್ಲಿ ಹೇಳಿದ. ಅಪ್ಪ ಊದಿದರು. ಎಡಗಿವಿಯಿಂದ ಸುಯ್ ಎಂದು ಗಾಳಿ ಬಂತು. ನಾನು ಚಪ್ಪಾಳೆ ತಟ್ಟಿದೆ.

ಆತ ನಗಲಿಲ್ಲ. ಅಪ್ಪನ ಹಿಂದೆ ಹೋಗಿ ಎಡಗಿವಿಯ ಹತ್ತಿರ ಚಿಟಿಕೆ ಹೊಡೆದ. ಅಪ್ಪ ತಿರುಗಲಿಲ್ಲ. ಇವರ ಕಿವಿಯ ತಮಟೆ ಹರಿದಿದೆ, ನೀರಿಗಿಳಿಸಿದರೆ ಜೀವಕ್ಕೇ ಅಪಾಯ ಎಂದು ಸಿಲಿಂಡರನ್ನು ಬೇರೆಯವರಿಗೆ ಕಟ್ಟಲು ಹೋದ. ಅಮ್ಮನಿಗೆ ಹಿಂದಿ ಬಾರದು. "ಏನಂತೆ?" ಅಂದಳು. ಸ್ಕೂಲಿನಲ್ಲಿ ಕಲಿತ ಹಿಂದಿಯಲ್ಲಿ ನನಗೆ ತಿಳಿದಷ್ಟನ್ನು ಹೇಳಿದೆ.

ಅಪ್ಪ ಮರಳಿನ ಮೇಲೆ ಕೂತುಬಿಟ್ಟರು. ನನ್ನ ಮುಖ ನೋಡಿಕೊಂಡೇ ಎಲ್ಲ ಹೇಳಿದರು. ನಾನಿನ್ನೂ ತೊಟ್ಟಿಲಲ್ಲಿದ್ದಾಗ ಕಾರ್ಖಾನೆಯ ತಗಡು ಒತ್ತುವ ಪ್ರೆಸ್ ಶಾಪಿನಲ್ಲಿ ಏರ್ ಪೈಪು ಕಿವಿಯ ಪಕ್ಕದಲ್ಲೇ ಸಿಡಿದಿತ್ತಂತೆ. ಕಾರ್ಖಾನೆಯ ಡಾಕ್ಟರಿಗೆ ಗೊತ್ತಾದರೆ ಮೆಷಿನ್ನಿಂದ ತೆಗೆದು ಗೇಟು ಕಾಯಲು ಹಾಕುತ್ತಾರೆ ಎಂದು ಹೆದರಿ ಯಾರಿಗೂ ಹೇಳಿರಲಿಲ್ಲ. ವಠಾರದಲ್ಲಿ ಬಾಯಿಂದ ಬಾಯಿಗೆ ಹೋಗುತ್ತದೆಂದು ಅಮ್ಮನಿಗೂ ಹೇಳಿರಲಿಲ್ಲ. ಮಿಲಿಟರಿಯವನೂ ಇರಲಿಲ್ಲ, ವಿದ್ಯೆಯೂ ಇರಲಿಲ್ಲ.

ಅಮ್ಮ ಎಂದಿನಂತೆ ಅಪ್ಪನ ಎಡಕ್ಕೆ ಕೂತಿದ್ದಳು. ಹೆಂಡತಿಯ ಜಾಗ ಗಂಡನ ಎಡಕ್ಕೆ ಎಂದು ತವರಲ್ಲಿ ಹೇಳಿಕೊಟ್ಟಿದ್ದರು. ದಾರಿಯಲ್ಲಿ, ಬಸ್ಸಿನಲ್ಲಿ, ಫೋಟೋ ಸ್ಟುಡಿಯೋದಲ್ಲಿ, ಮಾತು ಬಿಟ್ಟ ಮೇಲೂ ಕೂಡ, ಅವಳು ಆ ಜಾಗ ಬಿಟ್ಟವಳಲ್ಲ. ಈಗ ಎದ್ದಳು. ಅಪ್ಪನ ಬೆನ್ನ ಹಿಂದಿನಿಂದ ಬಂದು ಬಲಕ್ಕೆ ಕೂತಳು.

"ರೀ," ಅಂದಳು.

ನನಗಲ್ಲ, ಅಪ್ಪನಿಗೇ.

"ಮಗು ಹೋದ ದಿವ್ಸ, ಆಸ್ಪತ್ರೆಯಿಂದ ಬಸ್ಸಲ್ಲಿ ಬರ್ತಾ ನಿಮ್ಮನ್ನೊಂದ್ ಮಾತು ಕೇಳಿದ್ದೆ."

"ಏನು?"

"ನಾನ್ ಹಠ ಹಿಡಿದು ರಾತ್ರೀನೇ ಕರ್ಕೊಂಡ್ ಹೋಗಿದ್ರೆ ಉಳೀತಿದ್ನೇನ್ರೀ, ನಂದೇ ತಪ್ಪಾಯ್ತಾ ಅಂತ. ನೀವು ಕಿಟಕಿ ಕಡೆ ನೋಡ್ತಾನೇ ಇದ್ರಿ. ಒಂದ್ ಮಾತೂ ಆಡ್ಲಿಲ್ಲ. ನಂದೇ ತಪ್ಪು ಅಂತ ನಿಮ್ ಮನಸಲ್ಲಿದೆ ಅಂದ್ಕೊಂಡೆ."

ಅಪ್ಪ ಅವಳ ಕಡೆ ತಿರುಗಿದರು. "ನಂಗೆ ಕೇಳಿಸ್ಲೇ ಇಲ್ಲ ಕಣೇ," ಅಂದರು. ಮರಳನ್ನು ಕೆದಕುತ್ತಾ, "ಈಗ ಬಸ್ಸಿಲ್ಲ, ಬೆಳಗ್ಗೆ ನೋಡೋಣ ಅಂದಿದ್ದು ನಾನಲ್ವೇನೇ? ಅದಕ್ಕೇ ನೀನು ಮಾತು ಬಿಟ್ಟೆ ಅಂದ್ಕೊಂಡಿದ್ದೆ," ಅಂದರು.

ಅಮ್ಮ ಅವರ ಹೆಗಲಿಗೆ ಹಣೆ ಒತ್ತಿ ಅತ್ತಳು. ಅಪ್ಪನೂ ಅತ್ತರು, ಸುತ್ತ ಜನ ಇರುವುದನ್ನೂ ನೋಡದೆ. ತಮ್ಮನಿಗಾಗಿ ಅವರಿಬ್ಬರೂ ಜೊತೆಯಾಗಿ ಅತ್ತದ್ದು ಅದೇ ಮೊದಲು. ನಾನು ಪಂಚೆ ಹಿಡಿದುಕೊಂಡು ನಿಂತಿದ್ದೆ. ಅವರು ಮಾತಾಡಲಿ ಎಂದು ಅಷ್ಟು ವರ್ಷ ಬೇಡಿಕೊಂಡವಳು ನಾನೇ, ಆದರೂ ಖುಷಿ ಆಗಲಿಲ್ಲ. ಉಪ್ಪಿನಿಂದ ಸೀಮೆಎಣ್ಣೆಯವರೆಗೆ ಅಮ್ಮ ಎಲ್ಲವನ್ನೂ ನನ್ನ ಕೈಲಿ ಹೇಳಿಕಳಿಸಿದ್ದಳು. ಆ ಒಂದು ಮಾತನ್ನು ಮಾತ್ರ ಕಳಿಸಿರಲಿಲ್ಲ.