ಮರಳುಗಾಡಿನ ಬೂಷ್ಟು

ದುಬೈಗೆ ಬಂದ ಹೊಸದು. ಬೇಸಿಗೆ ರಜೆಗೆ ಊರಿಗೆ ಹೊರಟ ಮಂಗಳೂರಿನ ಅಕ್ಕ ಒಬ್ಬರು ಸಿಲಿಕಾನ್ ಓಯಸಿಸ್‌ನ ತಮ್ಮ ಫ್ಲ್ಯಾಟನ್ನು ನೋಡಿಕೊಳ್ಳಲು ನನಗೆ ಬಿಟ್ಟರು. ನಡುವೆ ಆಫೀಸಿನವರು ನನ್ನನ್ನು ಎರಡು ವಾರ ಅಬುಧಾಬಿಗೆ ಕಳಿಸಿದರು. ಊರಿನ ಅಭ್ಯಾಸದಂತೆ ಲೈಟು, ಎ.ಸಿ. ಎಲ್ಲ ಆರಿಸಿ, ಬೀಗ ಎಳೆದು ನೋಡಿ ಹೋದೆ.

ಮರಳಿ ಬಂದು ಬಾಗಿಲು ತೆರೆದೆ. ಸೋಫಾ, ಚಪ್ಪಲಿ, ಗೋಡೆಯ ಮದುವೆ ಫೋಟೋ, ಎಲ್ಲದರ ಮೇಲೂ ಹಸಿರು ಬೂಷ್ಟು. ನಮ್ಮೂರಿನ ಆಟಿ ತಿಂಗಳ ಜಡಿಮಳೆಯಲ್ಲೂ ಇಷ್ಟು ಕಂಡವನಲ್ಲ. ಮರಳುಗಾಡಿಗೆ ಇದು ಎಲ್ಲಿಂದ ಬಂತು?

ಅಕ್ಕನಿಗೆ ಫೋನ್ ಮಾಡಿದೆ.

"ಎ.ಸಿ. ಬಂದ್ ಮಾಡಿದ್ದಾ ಮಾರಾಯ? ಅಲ್ಲಿಯ ಕಡಲ ತೇವದ ಸೆಕೆಗೆ ಅದು ನಿಂತ್ರೆ ಬೂಷ್ಟು ಹಿಡಿದು ಮನೆ ಹಾಳಾಗ್ತದೆ."

"ಮೊದಲೇ ಹೇಳ್ಬಾರದಿತ್ತಾ ಅಕ್ಕ?" ಎಂದು ರೇಗಿದೆ.

"ಉಸಿರಾಡ್ತಾ ಇರು ಅಂತಲೂ ಹೇಳಿ ಬರ್ಬೇಕಿತ್ತಾ?"